ಇಂಗ್ಲಿಷ್ ಬರುತ್ತೆ, ಥೀಸಿಸ್ಸಿನ ಇಂಗ್ಲಿಷ್ ಬರ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ವಿದೇಶದಲ್ಲಿ ಎಂ.ಎಸ್., ಪಿಎಚ್.ಡಿ. ಓದುತ್ತಿರುವವರು, ಅವರ ಮನೆಯವರು ಮತ್ತು ಅಂಥ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಒಬ್ಬ ಶಿಕ್ಷಕಿ ಕಳಿಸಿದ ಪ್ರಶ್ನೆಗಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಎಲ್‌ಕೆಜಿಯಿಂದ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲೇ. ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಟೋಫೆಲ್‌ನಲ್ಲಿ 120ಕ್ಕೆ 104 ಬಂದಿದೆ: ಓದು 29, ಆಲಿಸುವುದು 28, ಬರಹ 25, ಮಾತು 22. ಆದರೂ ಇಲ್ಲಿಗೆ ಬಂದ ಮೊದಲ ವಾರವೇ ಮತ್ತೊಂದು ಪರೀಕ್ಷೆ ಮಾಡಿ ಇಂಗ್ಲಿಷ್ ಕೋರ್ಸಿಗೆ ಹಾಕಿದ್ದಾರೆ. ಇದನ್ನು ತಪ್ಪಿಸಿಕೊಳ್ಳಬಹುದೇ? (ಪಿಎಚ್.ಡಿ. ವಿದ್ಯಾರ್ಥಿ, ಒಹಾಯೊ)

ಉತ್ತರ: ಪ್ರವೇಶ ಕೊಡುವವರು ನೋಡುವುದು ಆ 104ನ್ನು. ಟೀಚಿಂಗ್ ಅಸಿಸ್ಟೆಂಟ್, ಅಂದರೆ ಟಿ.ಎ. ಕೆಲಸ ಕೊಡುವವರು ನೋಡುವುದು ಮಾತಿನ 22ನ್ನು ಮಾತ್ರ. 2026ರ ಜನವರಿಗೆ ಮುಂಚಿನ ಈ ಅಂಕಪದ್ಧತಿಯಲ್ಲಿ ಅನೇಕ ವಿಶ್ವವಿದ್ಯಾಲಯಗಳು ಮಾತಿಗೆ 26 ಅಥವಾ ಅದಕ್ಕಿಂತ ಹೆಚ್ಚು ಕೇಳುತ್ತಿದ್ದವು. ಇಲ್ಲದಿದ್ದರೆ ತಮ್ಮದೇ ಪರೀಕ್ಷೆ ಇಡುತ್ತವೆ. ಈ ಪರಿಪಾಠ ಸುಮ್ಮನೆ ಹುಟ್ಟಿದ್ದಲ್ಲ. ಪಾಠ ಹೇಳುವವರ ಮಾತು ತಿಳಿಯುವುದಿಲ್ಲವೆಂದು ಪದವಿ ವಿದ್ಯಾರ್ಥಿಗಳೂ ಪೋಷಕರೂ ದೂರಿದ್ದರಿಂದ, 1980ರ ದಶಕದಲ್ಲಿ ಫ್ಲಾರಿಡಾ, ಒಹಾಯೊ, ಟೆಕ್ಸಾಸ್ ಮೊದಲಾದ ರಾಜ್ಯಗಳು ಇದಕ್ಕೆ ಕಾನೂನನ್ನೇ ಮಾಡಿದವು. ನಿಮ್ಮ ಮಾರ್ಗದರ್ಶಕರು ಮನಸ್ಸು ಮಾಡಿದರೂ ಬಿಡಿಸಲು ಬರುವುದಿಲ್ಲ.

ತಪ್ಪಿಸಿಕೊಳ್ಳುವ ದಾರಿ ಹುಡುಕುವ ಬದಲು ಮೂರು ವಿಷಯ ವಿಚಾರಿಸಿ. ಕೋರ್ಸಿನ ಕ್ರೆಡಿಟ್ ಪದವಿಯ ಲೆಕ್ಕಕ್ಕೆ ಸೇರುತ್ತದೆಯೇ? (ಹೆಚ್ಚಿನ ಕಡೆ ಸೇರುವುದಿಲ್ಲ. ಆದರೆ ವೀಸಾಕ್ಕೆ ಬೇಕಾದ ಪೂರ್ಣಾವಧಿ ಲೆಕ್ಕಕ್ಕೆ ಸೇರಬಹುದು.) ಅದರ ಶುಲ್ಕ ನಿಮಗಿರುವ ಶುಲ್ಕ ವಿನಾಯಿತಿ, ಅಂದರೆ ಟ್ಯೂಷನ್ ವೇವರ್‌ನಲ್ಲಿ ಬರುತ್ತದೆಯೇ? ಮರುಪರೀಕ್ಷೆ ಯಾವಾಗ? ಮೊದಲ ಸೆಮಿಸ್ಟರಿನಲ್ಲೇ ಮುಗಿಸಿಬಿಡಿ. ಮೂರನೇ ವರ್ಷಕ್ಕೆ ತಳ್ಳಿದವರು ಥೀಸಿಸ್ ಪ್ರಪೋಸಲ್ ಮತ್ತು ಈ ಕೋರ್ಸು ಎರಡರ ನಡುವೆ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಟಿ.ಎ. ಆಗಿ ಲ್ಯಾಬ್ ಪಾಠ ಮಾಡುತ್ತೇನೆ. ನನ್ನ ಮಾತು ವೇಗ, ಅರ್ಥವಾಗುವುದಿಲ್ಲ ಎಂದು ವಿದ್ಯಾರ್ಥಿಗಳು ಬರೆದುಕೊಟ್ಟಿದ್ದಾರೆ. ಅಮೆರಿಕನ್ ಆಕ್ಸೆಂಟ್ ಕಲಿಯಬೇಕೇ? (ಇಂಡಿಯಾನಾ)

ಉತ್ತರ: ಬೇಡ. ಆಕ್ಸೆಂಟ್ ಬದಲಿಸಲು ಹೊರಟವರು ಅರ್ಧ ಅಲ್ಲಿ, ಅರ್ಧ ಇಲ್ಲಿ ಆಗಿ ಇನ್ನಷ್ಟು ಗೊಂದಲ ಮಾಡುತ್ತಾರೆ. ತಿದ್ದಬೇಕಾದದ್ದು ಕೆಲವೇ ಜಾಗ, ಅದರಲ್ಲಿ ಮೊದಲನೆಯದು ಒತ್ತು. ಕನ್ನಡದಲ್ಲಿ ಅರ್ಥ ನಿಂತಿರುವುದು ಹ್ರಸ್ವ-ದೀರ್ಘದ ಮೇಲೆ. ಪದದ ಎಲ್ಲ ಭಾಗಗಳಿಗೂ ನಾವು ಹೆಚ್ಚುಕಡಿಮೆ ಒಂದೇ ತೂಕ ಕೊಡುತ್ತೇವೆ. ಅಮೆರಿಕದ ಕಿವಿ ಪದವನ್ನು ಗುರುತಿಸುವುದೇ ಒತ್ತು ಬಿದ್ದ ಭಾಗದಿಂದ. ಒತ್ತು ಜಾಗ ತಪ್ಪಿದರೆ ವ್ಯಂಜನಗಳೆಲ್ಲ ಸರಿಯಿದ್ದರೂ ಪದ ಸಿಗುವುದಿಲ್ಲ. ಪ್ಯಾರಾಮೀಟರ್ ಎಂದು ನಾವು ಮೊದಲ ಭಾಗ ಒತ್ತುತ್ತೇವೆ; ಒತ್ತಬೇಕಾದದ್ದು 'ರಾ'. ಡಿಟರ್ಮಿನ್‌ನಲ್ಲಿ 'ಟರ್', ಕಾಂಪೊನೆಂಟ್‌ನಲ್ಲಿ 'ಪೋ', ಅನಾಲಿಸಿಸ್‌ನಲ್ಲಿ 'ನಾ', ಅದೇ ಪದ ಅನಲಿಟಿಕಲ್ ಆದಾಗ 'ಲಿ'. ಒತ್ತು ಎಂದರೆ ಜೋರಾಗಿ ಕೂಗುವುದಲ್ಲ. ಆ ಭಾಗವನ್ನು ಸ್ವಲ್ಪ ಎಳೆದು, ಸ್ವರ ಏರಿಸುವುದು, ಉಳಿದದ್ದನ್ನು ಮೊಟಕು ಮಾಡುವುದು. ಪ್ರತಿ ಪಾಠಕ್ಕೆ ಮೊದಲು ಆ ದಿನ ಪದೇಪದೇ ಬರುವ ಹತ್ತು ಪದಗಳನ್ನು ಬರೆದುಕೊಂಡು, ಆನ್‌ಲೈನ್ ನಿಘಂಟಿನಲ್ಲಿ ಕೇಳಿ, ಒತ್ತಿನ ಜಾಗಕ್ಕೆ ಗೆರೆ ಎಳೆಯಿರಿ. ಹತ್ತು ಸಾಕು.

ಎರಡನೆಯದು ಮೊಟಕು ಮಾಡದೇ ಇರುವುದರಿಂದ ಆಗುವ ಅನಾಹುತ. 'ಐ ಕ್ಯಾನ್ ಆಕ್ಸೆಪ್ಟ್ ಲೇಟ್ ರಿಪೋರ್ಟ್ಸ್' ಎಂದು 'ಕ್ಯಾನ್' ಅನ್ನು ತುಂಬು ಸ್ವರದಲ್ಲಿ ಹೇಳಿದರೆ ಅವರಿಗೆ ಕೇಳಿಸುವುದು 'ಕ್ಯಾಂಟ್'. ಏಕೆಂದರೆ ಅವರ 'ಕ್ಯಾಂಟ್'ನ ಕೊನೆಯ ಟಕಾರ ಬಹುತೇಕ ನುಂಗಿಹೋಗಿರುತ್ತದೆ. ವ್ಯತ್ಯಾಸ ಉಳಿದಿರುವುದು ಸ್ವರದಲ್ಲಿ ಮಾತ್ರ. ಆಗುತ್ತದೆ ಎನ್ನುವಾಗ 'ಕನ್' ಎಂದು ಮುಗಿಸಿ. ಆಗುವುದಿಲ್ಲ ಎನ್ನುವಾಗ 'ಕೆನಾಟ್' ಎಂದು ಪೂರ್ತಿ ಹೇಳಿ. ತರ್ಟೀನ್, ತರ್ಟಿಯಂಥ ಅಂಕಿಗಳನ್ನು ಬಾಯಲ್ಲಿ ಹೇಳಿ ಬಿಡಬೇಡಿ, ಬೋರ್ಡಿನ ಮೇಲೆ ಬರೆಯಿರಿ. ಲ್ಯಾಬಿನಲ್ಲಿ 13 ಮಿಲಿಲೀಟರ್ ಆಸಿಡ್ 30 ಆಗಬಾರದಲ್ಲ.

ಧ್ವನಿಗಳಲ್ಲಿ ಮೂರು ಗಮನಿಸಿ. ಪದದ ಆರಂಭದ ಪ, ಟ, ಕಗಳನ್ನು ಇಂಗ್ಲಿಷಿನವರು ಉಸಿರು ಸೇರಿಸಿ ಹೇಳುತ್ತಾರೆ. ನಮ್ಮ ಅಲ್ಪಪ್ರಾಣ ಅವರಿಗೆ ಬ, ಡ, ಗ ಆಗಿ ಕೇಳಿಸಬಹುದು. ಪರಿಹಾರ ನಮ್ಮ ವರ್ಣಮಾಲೆಯಲ್ಲೇ ಇದೆ: 'ಠೈಮ್', 'ಖೇಸ್' ಎಂದು ಮಹಾಪ್ರಾಣ ಹಾಕಿ. ಕನ್ನಡದ 'ವ' ಅವರ ಎರಡು ಧ್ವನಿಗಳ ನಡುವೆ ಬೀಳುತ್ತದೆ. ವೆಕ್ಟರ್, ವೇರಿಯಬಲ್ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ವೇವ್, ವೆಯ್ಟ್‌ಗಳ ಆರಂಭದಲ್ಲಿ ಹಲ್ಲು ತಾಗಬಾರದು, 'ಉ' ಅನ್ನುವಂತೆ ತುಟಿ ದುಂಡಗಾಗಬೇಕು. ಮೂರನೆಯದು ನಮ್ಮ 'ಯೆರರ್', 'ಯೆಕ್ಸಾಂಪಲ್', 'ವೋನ್ಲಿ'. ಪದದ ಮುಂದೆ ತಾನಾಗಿ ಬಂದು ಕೂರುವ ಯಕಾರ, ವಕಾರಗಳನ್ನು ಕಿತ್ತುಹಾಕಿ. ಮೂರಕ್ಷದ ಗ್ರಾಫ್ ಬಂದಾಗ 'ಝೆಡ್' ಅನ್ನಬೇಡಿ, ಅಲ್ಲಿ ಅದು 'ಝೀ'.

ವೇಗದ ದೂರಿನ ಅಸಲಿ ಕಾರಣ ಹೆಚ್ಚಾಗಿ ವೇಗವಲ್ಲ, ನಿಲ್ಲಿಸದಿರುವುದು. ಐದಾರು ಪದಗಳಿಗೊಮ್ಮೆ, ಅರ್ಥ ಮುರಿಯದ ಜಾಗದಲ್ಲಿ ನಿಲ್ಲಿ. ಆ ತುಂಡಿನ ಮುಖ್ಯ ಪದಕ್ಕೆ ಸ್ವರ ಏರಿಸಿ. ಅದು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ. ವಾರಕ್ಕೊಮ್ಮೆ ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ಹೇಳಿದ್ದು ನೆನಪಿನಲ್ಲಿರುವುದರಿಂದ ಎಲ್ಲವೂ ಸ್ಪಷ್ಟವಾಗಿಯೇ ಕೇಳಿಸುತ್ತದೆ.

ಪ್ರಶ್ನೆ: ನನ್ನ ಡ್ರಾಫ್ಟ್ ತುಂಬ 'ದ', 'ಎ'ಗಳಿಗೆ ಸುತ್ತು ಹಾಕಿ ಮಾರ್ಗದರ್ಶಕರು ವಾಪಸ್ ಕೊಡುತ್ತಾರೆ. ಯಾಕೆಂದು ಕೇಳಿದರೆ 'ಕೇಳಲು ಸರಿಯಾಗಿಲ್ಲ' ಅನ್ನುತ್ತಾರೆ. ನಿಯಮವಿಲ್ಲವೇ? (ಎಂ.ಎಸ್., ಜರ್ಮನಿ)

ಉತ್ತರ: ಇದೆ. ಹುಟ್ಟಿನಿಂದ ಇಂಗ್ಲಿಷಿನವರಾದವರಿಗೆ ಅದನ್ನು ಹೇಳಿಕೊಡಲು ಬರುವುದಿಲ್ಲ, ಅಷ್ಟೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ. ರಷ್ಯನ್, ಚೀನೀ, ಕೊರಿಯನ್ ವಿದ್ಯಾರ್ಥಿಗಳ ಪಾಡೂ ಇದೇ. ಪ್ರತಿ ನಾಮಪದದ ಮುಂದೆ ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಯಾವುದನ್ನು ಹೇಳುತ್ತಿದ್ದೇನೆಂದು ಓದುಗನಿಗೆ ಗೊತ್ತೇ? ಈಗಾಗಲೇ ಹೇಳಿರಬಹುದು, ಅಂಥದ್ದು ಒಂದೇ ಇರಬಹುದು, ಇಲ್ಲವೇ ಮುಂದಿನ ಪದಗಳೇ ಗೊತ್ತುಮಾಡಬಹುದು. ಗೊತ್ತು ಎಂದಾದರೆ 'ದ'. ಗೊತ್ತಿಲ್ಲದಿದ್ದರೆ, ಎಣಿಸಲು ಬರುತ್ತದೆಯೇ? ಬರುತ್ತದೆ ಮತ್ತು ಒಂದೇ ಇದೆ ಎಂದಾದರೆ 'ಎ' ಅಥವಾ 'ಆನ್'. ಬಹುವಚನವಾದರೆ ಅಥವಾ ಎಣಿಸಲು ಬಾರದ್ದಾದರೆ ಏನೂ ಬೇಡ.

ಪ್ರಬಂಧದಲ್ಲಿ ಇದು ಕೆಲಸ ಮಾಡುವ ರೀತಿ ಹೀಗೆ: ಮೆಥಡ್ಸ್ ಭಾಗದಲ್ಲಿ ಮೊದಲ ಸಲ 'ಎ ಸ್ಟೀಲ್ ಪ್ಲೇಟ್', ಮುಂದಿನ ವಾಕ್ಯದಿಂದ 'ದ ಪ್ಲೇಟ್'. ನಮ್ಮವರು ಎಡವುವ ನಿಶ್ಚಿತ ಜಾಗಗಳೂ ಇವೆ. ಫಿಗರ್ 2, ಟೇಬಲ್ 3, ಈಕ್ವೇಶನ್ 5 ಎಂದು ಸಂಖ್ಯೆ ಜೊತೆಗಿದ್ದರೆ 'ದ' ಹಾಕುವಂತಿಲ್ಲ. 'ನ್ಯೂಟನ್ಸ್ ಸೆಕೆಂಡ್ ಲಾ' ಮುಂದೆಯೂ ಹಾಕುವಂತಿಲ್ಲ, ಹೆಸರಿನ ಷಷ್ಠಿಯೇ ಆ ಕೆಲಸ ಮಾಡಿದೆ. ಆದರೆ ಹೆಸರು ವಿಶೇಷಣವಾದಾಗ 'ದ ಡಾಪ್ಲರ್ ಎಫೆಕ್ಟ್' ಸರಿ. ರಿಸರ್ಚ್, ಎಕ್ವಿಪ್‌ಮೆಂಟ್, ಇನ್‌ಫರ್ಮೇಶನ್, ಎವಿಡೆನ್ಸ್, ಸಾಫ್ಟ್‌ವೇರ್, ಲಿಟರೇಚರ್ ಇವನ್ನು ಎಣಿಸುವಂತಿಲ್ಲ. 'ರಿಸರ್ಚಸ್', 'ಎಕ್ವಿಪ್‌ಮೆಂಟ್ಸ್' ಎಂದು ಬರೆದರೆ ವಿಮರ್ಶಕರ ಕಣ್ಣಿಗೆ ಮೊದಲು ಬೀಳುವುದೇ ಅವು. ಎಣಿಸಲೇಬೇಕಾದರೆ 'ಸ್ಟಡೀಸ್', 'ಡಿವೈಸಸ್', 'ಪೀಸಸ್ ಆಫ್ ಎವಿಡೆನ್ಸ್' ಇವೆ. ಇಡೀ ಡ್ರಾಫ್ಟ್ ಒಟ್ಟಿಗೆ ತಿದ್ದಲು ಹೋಗಬೇಡಿ. ಅಬ್‌ಸ್ಟ್ರಾಕ್ಟಿನ ಪ್ರತಿ ನಾಮಪದಕ್ಕೆ ಅಡಿಗೆರೆ ಎಳೆದು ಅದೊಂದನ್ನೇ ತಿದ್ದಿ. ನಿಮ್ಮ ಪ್ರಬಂಧದ ಮುಖ್ಯ ನಾಮಪದಗಳು ಹೆಚ್ಚಾಗಿ ಅಲ್ಲೇ ಬಂದಿರುತ್ತವೆ.

ಪ್ರಶ್ನೆ: ನನ್ನ ಲೇಖನದ ಪೀಠಿಕೆಯ ಪಕ್ಕ ಮಾರ್ಗದರ್ಶಕರು 'ಸೋ ವಾಟ್?' ಎಂದು ಬರೆದಿದ್ದಾರೆ. ವ್ಯಾಕರಣದ ತಪ್ಪು ಒಂದೂ ಇಲ್ಲ. ಏನು ಕೊರತೆ? (ಮೆಟೀರಿಯಲ್ಸ್ ವಿಭಾಗ, ಟೆಕ್ಸಾಸ್)

ಉತ್ತರ: ಕೊರತೆಯಿರುವುದು ಜಾಗದಲ್ಲಿ. ನೀವು ಕಳಿಸಿದ ಪುಟದಲ್ಲಿ ನಿಮ್ಮ ಸಂಶೋಧನೆ ಏನೆಂಬುದು ಬಂದಿರುವುದು ಮೂರನೇ ಪ್ಯಾರಾದ ಕೊನೆಯ ಸಾಲಿನಲ್ಲಿ, ಅದೂ 'ಹೆನ್ಸ್' ಎಂಬ ಪದದ ನಂತರ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮಾಡಿ, ನೋಡಿ, ಅಳೆದು ಎಂದು ಕಾರಣಗಳನ್ನೆಲ್ಲ ಪೋಣಿಸಿ ಕೊನೆಗೆ ತೀರ್ಮಾನ ಹೇಳುವುದು ನಮಗೆ ಸಹಜ. ಇಂಗ್ಲಿಷ್ ಜರ್ನಲ್‌ನ ಓದುಗ ಪ್ಯಾರಾದ ಮೊದಲ ವಾಕ್ಯದಲ್ಲೇ ಅದನ್ನು ಹುಡುಕುತ್ತಾನೆ, ಸಿಗದಿದ್ದರೆ ಪುಟ ತಿರುಗಿಸುತ್ತಾನೆ.

ಪೀಠಿಕೆ ಹೇಗೆ ನಡೆಯುತ್ತದೆ ಎಂಬುದನ್ನು ಜಾನ್ ಸ್ವೇಲ್ಸ್ ಎಂಬ ವಿದ್ವಾಂಸರು ಪ್ರಕಟಿತ ಲೇಖನಗಳನ್ನು ಬಿಡಿಸಿ ನೋಡಿ ತೋರಿಸಿದರು. 1981ರಲ್ಲಿ ನಾಲ್ಕು ಹೆಜ್ಜೆ ಎಂದಿದ್ದರು, 1990ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಮೊದಲು ಕ್ಷೇತ್ರ ಯಾವುದು, ಅಲ್ಲಿ ಏನೇನಾಗಿದೆ ಎಂದು ಹೇಳುವುದು. ನಂತರ ಅಲ್ಲೊಂದು ಖಾಲಿ ಜಾಗ ತೋರಿಸುವುದು. ಕೊನೆಗೆ ಆ ಜಾಗವನ್ನು ತಾನು ತುಂಬುವುದು. ಇಂಗ್ಲಿಷಿನಲ್ಲಿ ಸಂಶೋಧನಾ ಬರಹ ಕಲಿಸುವವರು ಇಂದಿಗೂ ಇದನ್ನೇ ಬಳಸುತ್ತಾರೆ. ಉದಾಹರಣೆಗೆ ನಿಮ್ಮ ವಿಷಯ ಅಡಿಕೆ ಸಿಪ್ಪೆಯ ನಾರು ಅಂದುಕೊಳ್ಳಿ. ಮೊದಲ ಹೆಜ್ಜೆ: ಈ ನಾರನ್ನು ಬೆರೆಸಿ ಮಾಡಿದ ಕಾಂಪೋಸಿಟ್‌ಗಳ ಬಲವನ್ನು ಹಲವರು ಅಳೆದಿದ್ದಾರೆ. ಎರಡನೆಯದು: ಆದರೆ ಆ ಅಳತೆಗಳು ಒಣ ಸ್ಥಿತಿಯವು, ತಿಂಗಳುಗಟ್ಟಲೆ ತೇವದಲ್ಲಿದ್ದಾಗ ಏನಾಗುತ್ತದೆ ಎಂಬುದು ತಿಳಿದಿಲ್ಲ. ಮೂರನೆಯದು: ಇಲ್ಲಿ 180 ದಿನ ನೀರಿನಲ್ಲಿಟ್ಟ ಮಾದರಿಗಳನ್ನು ಪರೀಕ್ಷಿಸಿದ್ದೇವೆ. 'ಸೋ ವಾಟ್' ಬೀಳುವುದು ಎರಡನೆಯ ಹೆಜ್ಜೆ ಇಲ್ಲದಾಗ. 'ಯಾರೂ ಮಾಡಿಲ್ಲ' ಎಂದಷ್ಟೇ ಬರೆದರೂ ಬೀಳುತ್ತದೆ. ಯಾರೂ ಮಾಡದಿರುವುದಕ್ಕೆ ಅದು ಬೇಕಿಲ್ಲದಿರುವುದೂ ಕಾರಣವಾಗಿರಬಹುದಲ್ಲವೇ? ತಿಳಿಯದಿದ್ದರೆ ಯಾವುದು ಕೆಡುತ್ತದೆ ಎಂಬ ಒಂದು ವಾಕ್ಯ ಸೇರಿಸಿ.

ಕ್ರಿಯಾಪದದ ಕಾಲವೂ ಈ ಹೆಜ್ಜೆಗಳ ಜೊತೆ ಬದಲಾಗುತ್ತದೆ. ಕ್ಷೇತ್ರದಲ್ಲಿ ಈವರೆಗೆ ಆದದ್ದಕ್ಕೆ 'ಹ್ಯಾವ್ ಬೀನ್ ಮೆಶರ್ಡ್', ನೀವು ಮಾಡಿದ ಪ್ರಯೋಗಕ್ಕೆ 'ವರ್ ಇಮರ್ಸ್ಡ್', ಎಲ್ಲ ಕಾಲಕ್ಕೂ ನಿಜವಾದದ್ದಕ್ಕೆ ವರ್ತಮಾನ. ಚರ್ಚೆಯ ಭಾಗದಲ್ಲಿ 'ಪ್ರೂವ್ಸ್' ಎಂಬ ಪದ ಕಂಡಲ್ಲೆಲ್ಲ 'ಸಜೆಸ್ಟ್ಸ್' ಅಥವಾ 'ಇಂಡಿಕೇಟ್ಸ್' ಹಾಕಬಹುದೇ ನೋಡಿ. ಆದರೆ 'ಮೇ ಪಾಸಿಬ್ಲಿ ಸಜೆಸ್ಟ್' ಎಂದು ಮೂರು ಬಾಗಿಲು ಹಾಕಿಕೊಳ್ಳಬೇಡಿ, ಒಂದು ಸಾಕು. 'ಸಿನ್ಸ್ ಟೈಮ್ ಇಮ್ಮೆಮೋರಿಯಲ್' ಎಂಬ ಆರಂಭವನ್ನು ಇಂದೇ ಅಳಿಸಿ.

ಪ್ರಶ್ನೆ: ಬರಹದ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಟರ್ನಿಟಿನ್‌ನಲ್ಲಿ ಶೇಕಡ 9 ಮಾತ್ರ ಬಂದಿತ್ತು. ಆದರೂ ಕೃತಿಚೌರ್ಯ ಎಂದು ಕರೆಸಿದ್ದಾರೆ. ಊರಲ್ಲಿ 10ರೊಳಗೆ ಇದ್ದರೆ ಪರವಾಗಿಲ್ಲ ಎಂದಿದ್ದರು. ಮೂಲವನ್ನೂ ನಮೂದಿಸಿದ್ದೇನೆ. (ಎಂ.ಎಸ್ಸಿ., ಸ್ಕಾಟ್ಲೆಂಡ್)

ಉತ್ತರ: ಊರಲ್ಲಿ ಕೇಳಿದ ಅಂಕಿ ಯುಜಿಸಿಯ 2018ರ ನಿಯಮಾವಳಿಯದ್ದು. ಅದರಲ್ಲಿ ಶೇಕಡ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40, 40ರಿಂದ 60, 60ಕ್ಕಿಂತ ಹೆಚ್ಚು ಎಂದು ಮೂರು ಹಂತಗಳಿವೆ. ಸಾಮಾನ್ಯ ಜ್ಞಾನದ ಅಥವಾ ಕಾಕತಾಳೀಯ ಹೋಲಿಕೆಯ 14 ಪದಗಳವರೆಗಿನ ಸರಣಿಯನ್ನು ಲೆಕ್ಕದಿಂದ ಬಿಡುತ್ತಾರೆ. ಬ್ರಿಟನ್, ಅಮೆರಿಕಗಳಲ್ಲಿ ಸಾಮಾನ್ಯವಾಗಿ ಹೀಗೆ ಶೇಕಡಾವಾರು ಗೆರೆ ಇರುವುದಿಲ್ಲ. ಟರ್ನಿಟಿನ್ ತೋರಿಸುವುದು ಪಠ್ಯದ ಹೋಲಿಕೆಯನ್ನು. ಅದು ಚೌರ್ಯವೇ ಎಂದು ತೀರ್ಮಾನಿಸುವವರು ಓದಿದ ಮನುಷ್ಯರು. ಉಲ್ಲೇಖಪಟ್ಟಿ, ಮೆಥಡ್ಸ್‌ನ ಸಿದ್ಧ ನುಡಿಗಟ್ಟುಗಳಿಂದ ಶೇಕಡ 25 ಬಂದರೂ ತೊಂದರೆಯಾಗದಿರಬಹುದು. ಒಂದೇ ಮೂಲದಿಂದ ಸಾಲುಸಾಲಾಗಿ ಬಂದ ಶೇಕಡ 9 ಸಾಕು ಕರೆಸಲು.

ನಿಮ್ಮ ಪ್ಯಾರಾವನ್ನು ಮೂಲದ ಜೊತೆಗಿಟ್ಟು ನೋಡಿದರೆ ಆಗಿರುವುದು ಇದು: ವಾಕ್ಯದ ಚೌಕಟ್ಟು ಅವರದು, ಅಲ್ಲಲ್ಲಿ ಸಮಾನಾರ್ಥಕ ಪದ ನಿಮ್ಮದು. ಅಮೆರಿಕದ ಬರಹ ಬೋಧನೆಯ ವಿದ್ವಾಂಸೆ ರೆಬೆಕಾ ಮೂರ್ ಹೊವಾರ್ಡ್ 1990ರ ದಶಕದಲ್ಲಿ ಇದಕ್ಕೆ 'ಪ್ಯಾಚ್‌ರೈಟಿಂಗ್' ಎಂಬ ಹೆಸರು ಕೊಟ್ಟರು. ಕಲಿಯುವವರು ಹೊಸ ಕ್ಷೇತ್ರದ ಭಾಷೆಗೆ ಕಾಲಿಡುವಾಗ ಸಹಜವಾಗಿ ದಾಟುವ ಹಂತವಿದು, ಮೋಸವೆಂದೇ ಎಣಿಸಬಾರದು ಎಂಬುದು ಅವರ ವಾದ. ಸಮಿತಿಯ ಮುಂದೆ ನಿಮ್ಮ ಟಿಪ್ಪಣಿಗಳನ್ನೂ ಹಳೆಯ ಡ್ರಾಫ್ಟ್‌ಗಳನ್ನೂ ಇಡಿ. ಉದ್ದೇಶವಿರಲಿಲ್ಲ ಎನ್ನುವುದಕ್ಕೆ ನಿಮ್ಮಲ್ಲಿರುವ ಪುರಾವೆ ಅವೇ. ಮೂಲ ನಮೂದಿಸಿದ್ದೇನೆ ಎಂಬ ಒಂದೇ ವಾದ ನಿಲ್ಲುವುದಿಲ್ಲ. ನಮೂದು ವಿಚಾರ ಯಾರದೆಂದು ಹೇಳುತ್ತದೆ, ಮಾತು ಯಾರದೆಂದು ಹೇಳಬೇಕಾದರೆ ಉದ್ಧರಣ ಚಿಹ್ನೆ ಬೇಕು.

ಮುಂದಕ್ಕೆ ಹೀಗೆ ಮಾಡಿ: ಓದಿ, ಪುಟ ಮುಚ್ಚಿ, ಗೆಳೆಯನಿಗೆ ಹೇಳುವಂತೆ ಕನ್ನಡದಲ್ಲೇ ಎರಡು ಸಾಲು ಗೀಚಿಕೊಳ್ಳಿ. ಸ್ವಲ್ಪ ಹೊತ್ತಿನ ನಂತರ ಆ ಕನ್ನಡ ನೋಡಿಕೊಂಡು ಇಂಗ್ಲಿಷಿನಲ್ಲಿ ಬರೆಯಿರಿ, ಆಮೇಲೆ ಮೂಲ ತೆರೆದು ಅಂಕಿಅಂಶ ಸರಿಯಿದೆಯೇ ನೋಡಿ. ನಡುವೆ ಕನ್ನಡ ಬಂದರೆ ಅವರ ವಾಕ್ಯದ ಚೌಕಟ್ಟು ತಾನಾಗಿ ಮುರಿಯುತ್ತದೆ. ಎಐ ಉಪಕರಣಗಳ ವಿಷಯದಲ್ಲಿ ಕೋರ್ಸಿಗೊಂದು ನಿಯಮ ಇರಬಹುದು. ವ್ಯಾಕರಣ ತಿದ್ದಿಸಬಹುದೇ, ವಾಕ್ಯ ಬರೆಸಬಹುದೇ ಎಂದು ಇ-ಮೇಲಿನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ.

ಪ್ರಶ್ನೆ: ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಬೇಸಿಗೆಯ ಪ್ರೀ-ಸೆಷನಲ್, ಅಂದರೆ ಪದವಿ ಆರಂಭಕ್ಕೆ ಮುಂಚಿನ ಇಂಗ್ಲಿಷ್ ಕೋರ್ಸ್ ಕಲಿಸಲು ಒಪ್ಪಿಕೊಂಡಿದ್ದೇನೆ. ಹತ್ತು ವಾರ, 16 ಸ್ನಾತಕೋತ್ತರ ವಿದ್ಯಾರ್ಥಿಗಳು, ಹೆಚ್ಚಿನವರು ಚೀನಾದವರು, ಜೊತೆಗೆ ಸೌದಿ, ಬ್ರೆಜಿಲ್‌ನವರು. ಊರಲ್ಲಿ ಪಿಯುಸಿಗೆ ಕಲಿಸಿದ ಅನುಭವವಿದೆ. ಎಲ್ಲಿಂದ ಶುರು ಮಾಡಲಿ? (ಶಿಕ್ಷಕಿ)

ಉತ್ತರ: ವ್ಯಾಕರಣ ಪುಸ್ತಕದಿಂದಂತೂ ಅಲ್ಲ. ಇವರಲ್ಲಿ ಹಲವರು ಇಂಗ್ಲಿಷ್ ಸಾಮರ್ಥ್ಯದ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಬೇಕಾದದ್ದಕ್ಕಿಂತ ಅರ್ಧ ಅಥವಾ ಒಂದು ಬ್ಯಾಂಡ್ ಕಡಿಮೆ ಬಂದು ಷರತ್ತಿನ ಪ್ರವೇಶ ಪಡೆದವರು. ಅವರಿಗೆ ರೂಢಿಯಾಗಿರುವುದು 40 ನಿಮಿಷದಲ್ಲಿ 250 ಪದ, ಅದೂ ಮೂಲಗಳಿಲ್ಲದೆ, ಸ್ವಂತ ಅಭಿಪ್ರಾಯ. ಮುಂದೆ ಬರೆಯಬೇಕಾದದ್ದು ವಾರಗಟ್ಟಲೆ ಓದಿ 3000 ಪದ. ಈ ಜಿಗಿತವನ್ನೇ ಕಲಿಸಬೇಕು.

ಮೊದಲ ವಾರ ಪ್ರತಿಯೊಬ್ಬರೂ ತಮ್ಮ ವಿಷಯದ ಐದು ಪ್ರಕಟಿತ ಲೇಖನಗಳನ್ನು ತರಲಿ. ಅವನ್ನು ಬರಿ ಪಠ್ಯಕ್ಕೆ ಬದಲಿಸಿ, ಜಪಾನಿನ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಟನಿ ರೂಪಿಸಿದ ಉಚಿತ ತಂತ್ರಾಂಶ ಆಂಟ್‌ಕಾಂಕ್‌ಗೆ ಹಾಕಿದರೆ, 'ಸಜೆಸ್ಟ್' ಎಂಬ ಪದ ಆ ಲೇಖನಗಳಲ್ಲಿ ಬಂದ ಎಲ್ಲ ಸಾಲುಗಳೂ ಒಂದರ ಕೆಳಗೊಂದು ಕಾಣುತ್ತವೆ. 'ಐ ಬಳಸಬಹುದೇ, ವೀ ಬಳಸಬಹುದೇ' ಎಂಬ ಪ್ರಶ್ನೆಗೆ ನೀವು ಉತ್ತರ ಕೊಡಬೇಕಿಲ್ಲ, ಅವರವರ ಕ್ಷೇತ್ರವೇ ಕೊಡುತ್ತದೆ; ಇತಿಹಾಸಕ್ಕೂ ಎಂಜಿನಿಯರಿಂಗಿಗೂ ಉತ್ತರ ಬೇರೆಯಾಗಬಹುದು. ಪದಪಟ್ಟಿ ಬೇಕೆನಿಸಿದರೆ ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ (ಒಂದು ಮೂಲಪದ ಮತ್ತು ಅದರ ರೂಪಗಳು) ಪಟ್ಟಿ ಇದೆ. ಶೈಕ್ಷಣಿಕ ಪಠ್ಯದ ಸುಮಾರು ಶೇಕಡ 10 ಪದಗಳು ಅದರಲ್ಲಿವೆ. ಬಾಯಿಪಾಠ ಮಾಡಿಸಬೇಡಿ, ಯಾವ ಪದ ಯಾವುದರ ಜೊತೆ ಬರುತ್ತದೆಂದು ಗುರುತಿಸಲು ಹೇಳಿ.

ನಾಲ್ಕನೇ ವಾರದೊಳಗೆ ಎರಡು ಮೂಲಗಳನ್ನು ಒಂದೇ ಪ್ಯಾರಾದಲ್ಲಿ ಸೇರಿಸುವುದು ಬರಬೇಕು. ಇಲ್ಲೇ ಹೆಚ್ಚಿನವರು ನಿಲ್ಲುವುದು. ಅವರು ಹೀಗೆಂದರು, ಇವರು ಹೀಗೆಂದರು ಎಂಬ ಪಟ್ಟಿಯಾಗುತ್ತದೆ. ಅಡ್ಡಕ್ಕೆ ಲೇಖಕರು, ಉದ್ದಕ್ಕೆ ಪ್ರಶ್ನೆಗಳು ಇರುವ ಕೋಷ್ಟಕ ಮಾಡಿಸಿ, ಪ್ರಶ್ನೆಗೊಂದು ಪ್ಯಾರಾ ಬರೆಸಿ. ಲೇಖಕನ ಹೆಸರಿನಿಂದ ವಾಕ್ಯ ಆರಂಭಿಸುವಂತಿಲ್ಲ ಎಂಬ ತಾತ್ಕಾಲಿಕ ನಿಷೇಧ ಒಂದು ವಾರ ಹಾಕಿ ನೋಡಿ.

ಪಿಯುಸಿಯ ಕೆಂಪು ಪೆನ್ನನ್ನು ಮಾತ್ರ ಇಲ್ಲಿಗೆ ತರಬೇಡಿ. ವ್ಯಾಕರಣ ತಿದ್ದುವುದನ್ನೇ ಬಿಡಬೇಕೆಂದು 1996ರಲ್ಲಿ ಎರಡನೇ ಭಾಷೆಯ ಬರಹದ ಸಂಶೋಧಕ ಜಾನ್ ಟ್ರಸ್ಕಾಟ್ ವಾದಿಸಿದರು, 1999ರಲ್ಲಿ ಅದೇ ಕ್ಷೇತ್ರದ ಡೇನಾ ಫೆರಿಸ್ ಅದಕ್ಕೆ ಎದುರು ಬರೆದರು. ಆ ಜಗಳ ಬಹುಕಾಲ ನಡೆಯಿತು. ನಮ್ಮ ಅಭಿಪ್ರಾಯ ನಡುವಿನದು: ಮೊದಲ ಡ್ರಾಫ್ಟಿನಲ್ಲಿ ವಾದವನ್ನೂ ಮೂಲಗಳ ಬಳಕೆಯನ್ನೂ ಮಾತ್ರ ನೋಡಿ, ಎರಡನೆಯದರಲ್ಲಿ ಒಬ್ಬೊಬ್ಬರಿಗೆ ಎರಡೇ ಬಗೆಯ ತಪ್ಪು ಆರಿಸಿ, ಜಾಗ ತೋರಿಸಿ, ಅವರೇ ತಿದ್ದಲಿ. ಚೀನಾದವರಿಗೆ ಬಹುವಚನ ಮತ್ತು ಕಾಲ, ಬ್ರೆಜಿಲ್‌ನವರಿಗೆ ಅಲ್ಪವಿರಾಮದಿಂದಲೇ ಹೆಣೆದ ಉದ್ದ ವಾಕ್ಯ, ಸೌದಿಯವರಿಗೆ 'ಎ' ಬಿಟ್ಟುಹೋಗುವುದು. ಅರಬಿಯಲ್ಲಿ 'ದ'ಗೆ ಸಮನಾದದ್ದು ಇದೆ, 'ಎ'ಗೆ ಇಲ್ಲ. ಒಬ್ಬರಿಗೆ 20 ನಿಮಿಷದಂತೆ ಎದುರು ಕೂರಿಸಿಕೊಂಡು ಮಾತಾಡಲು ಒಟ್ಟು ಐದು ಗಂಟೆ 20 ನಿಮಿಷ ಬೇಕು. ಏಳನೇ ವಾರ ಆ ಸಮಯವನ್ನು ತರಗತಿಯ ಅವಧಿಯಿಂದಲೇ ತೆಗೆಯಿರಿ. ಉಳಿದ ವಾರಗಳು ಸೆಮಿನಾರ್, ಸ್ಲೈಡ್, ಅಂತಿಮ ಮೌಲ್ಯಮಾಪನಕ್ಕೆ ಹೋಗುತ್ತವೆ. ಅದಕ್ಕೆ ವಿಶ್ವವಿದ್ಯಾಲಯದ್ದೇ ವೇಳಾಪಟ್ಟಿ ಇರುತ್ತದೆ.

ಪ್ರಶ್ನೆ: ಮಗಳು ಆಗಸ್ಟ್‌ನಲ್ಲಿ ಹೊರಡುತ್ತಾಳೆ. ಮೂರು ತಿಂಗಳಿದೆ. ಸ್ಪೋಕನ್ ಇಂಗ್ಲಿಷ್ ಕೋಚಿಂಗಿಗೆ ಸೇರಿಸಲೇ? (ದಾವಣಗೆರೆ)

ಉತ್ತರ: ಆ ದುಡ್ಡು ಉಳಿಸಿ. ವಾರಕ್ಕೆ ಎರಡು ಸಂಶೋಧನಾ ಲೇಖನ ಓದಿ, ತಲಾ 150 ಪದಗಳ ಸಾರಾಂಶ ಬರೆಯಲಿ. ಒಂದನ್ನು ಮನೆಯಲ್ಲಿ ಐದು ನಿಮಿಷ ನಿಂತು ಇಂಗ್ಲಿಷಿನಲ್ಲಿ ವಿವರಿಸಲಿ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಕಡೆಮಿಕ್ ಫ್ರೇಸ್‌ಬ್ಯಾಂಕ್ ಎಂಬ ಸಂಶೋಧನಾ ಬರಹದ ನುಡಿಗಟ್ಟುಗಳ ಸಂಗ್ರಹ ಅಂತರ್ಜಾಲದಲ್ಲಿ ಸಿಗುತ್ತದೆ. ಇ-ಮೇಲ್‌ನಲ್ಲಿ 'ರೆಸ್ಪೆಕ್ಟೆಡ್ ಸರ್', 'ಕೈಂಡ್ಲಿ ಡು ದ ನೀಡ್‌ಫುಲ್' ಬಿಟ್ಟು, 'ಡಿಯರ್ ಪ್ರೊಫೆಸರ್' ನಂತರ ಅವರ ಮನೆತನದ ಹೆಸರು ಹಾಕಿ, ಏನು ಬೇಕು, ಯಾವ ದಿನದೊಳಗೆ ಬೇಕು ಎಂದು ಬರೆಯುವ ರೂಢಿ ಈಗಲೇ ಆಗಲಿ. ಅಲ್ಲಿಗೆ ಹೋದ ಮೇಲೆ ರೈಟಿಂಗ್ ಸೆಂಟರ್ ಇರುತ್ತದೆ, ಸಾಮಾನ್ಯವಾಗಿ ಉಚಿತ. ಅಲ್ಲಿ ತಪ್ಪು ತಿದ್ದಿಕೊಡುವುದಿಲ್ಲ, ಜೊತೆ ಕೂತು ಚರ್ಚಿಸುತ್ತಾರೆ. ಆದ್ದರಿಂದ 'ಇದನ್ನು ನೋಡಿ' ಎನ್ನದೆ 'ಎರಡನೇ ಪ್ಯಾರಾದ ವಾದ ಮೂರನೆಯದಕ್ಕೆ ಹೊಂದುತ್ತಿದೆಯೇ' ಎಂಬಂಥ ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ. ಸೆಮಿಸ್ಟರಿನ ಕೊನೆಯ ಎರಡು ವಾರ ಅಲ್ಲಿ ಜಾಗ ಸಿಗುವುದು ಕಷ್ಟ, ಮುಂಚೆಯೇ ಕಾಯ್ದಿರಿಸಬೇಕು.